ಕುಂಡದ ಮಣ್ಣಲ್ಲಿ ಓತಿಕ್ಯಾತನ ಮೊಟ್ಟೆ ಸಿಕ್ಕರೆ

ರೋಹಿಣಿ, ಮೃಗಶಿರ ಮಳೆ ಬಿದ್ದ ಮೇಲೆ ಕುಂಡದ ಮಣ್ಣು ಬದಲಿಸಲು ಕೂತವರ ಕೈಗೆ ಬಿಳಿ ಮೊಟ್ಟೆಗಳು ಸಿಗುವುದು ಹೊಸದೇನಲ್ಲ. ಹಿದುಕಿದ ಅವರೆಕಾಳಿಗಿಂತ ತುಸು ದಪ್ಪ, 1ರಿಂದ 1.5 ಸೆಂಟಿಮೀಟರ್ ಉದ್ದ, ಮುಟ್ಟಿದರೆ ಚರ್ಮದ ಹಾಗೆ ಮೆತ್ತಗೆ, ಒಂದೇ ಗುಂಡಿಯಲ್ಲಿ 10ರಿಂದ 20. ಮನೆಯಲ್ಲಿ ಯಾರಾದರೊಬ್ಬರು "ಹಾವಿನ ಮೊಟ್ಟೆ!" ಅಂದೇ ಅನ್ನುತ್ತಾರೆ. ಅಲ್ಲಿಗೆ ಮೊಟ್ಟೆಗಳ ಕಥೆ ಮುಗಿಯಿತು, ಮೋರಿಗೋ ಕಸದ ಬುಟ್ಟಿಗೋ ಹೋಗುತ್ತವೆ.

ಅವು ಓತಿಕ್ಯಾತನ ಮೊಟ್ಟೆಗಳು. ನಾಗರಹಾವಿನ, ಕೇರೆಹಾವಿನ ಮೊಟ್ಟೆ ಇದರ ಮೂರು ಪಟ್ಟಿಗೂ ಹೆಚ್ಚು ಉದ್ದ ಇರುತ್ತದೆ. ಸಣ್ಣ ಹಾವುಗಳ ಮೊಟ್ಟೆ ಕೂಡ ಇದಕ್ಕಿಂತ ನೀಳ, ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹಲ್ಲಿಯದಾದರೆ ಎರಡೇ ಎರಡು, ಬಟಾಣಿಯಂತೆ ದುಂಡಗೆ, ಚಿಪ್ಪು ಗಟ್ಟಿ. ಅದು ಮಣ್ಣಿನೊಳಗೆ ಇಡುವುದಿಲ್ಲ. ಕುಂಡದ ತಳದ ತೂತು, ಕಿಟಕಿ ಚೌಕಟ್ಟಿನ ಸಂದು, ಸ್ವಿಚ್ ಬೋರ್ಡಿನ ಹಿಂಭಾಗ ಅದರ ಜಾಗ.

ಇನ್ನೊಂದು ಇದೆ, ಅದನ್ನು ಮಾತ್ರ ಉಳಿಸಬೇಡಿ. ಸುಮಾರು 5 ಮಿಲಿಮೀಟರಿನ, ಸಬ್ಬಕ್ಕಿ ಕಾಳಿನಂಥ, ಹಳದಿ ಛಾಯೆಯ ಬಿಳಿ ಮೊಟ್ಟೆಗಳು ನೂರರ ಲೆಕ್ಕದಲ್ಲಿ ಗುಡ್ಡೆಯಾಗಿದ್ದರೆ ಅವು ಆಫ್ರಿಕನ್ ದೈತ್ಯ ಬಸವನಹುಳುವಿನವು. ಕೈಗವಸು ಹಾಕಿ ಬಾಚಿ ಕುದಿಯುವ ನೀರಿಗೆ ಸುರಿಯಿರಿ. ಬಸವನಹುಳುವಿನ ಮೊಟ್ಟೆಯನ್ನು ಓತಿಯದೆಂದು ಕಾಪಾಡಿ, ಓತಿಯದನ್ನು ಹಾವಿನದೆಂದು ಬಿಸಾಡಿದರೆ ಮುಂದಿನ ವರ್ಷ ಸೊಪ್ಪಿನ ಮಡಿ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಕುಂಡವೇ ಯಾಕೆ? ಹೆಣ್ಣು ಓತಿಗೆ ಮೊಟ್ಟೆ ಇಡಲು ಬೇಕಿರುವುದು ಮೆತ್ತಗಿನ, ಒದ್ದೆಯಿರುವ, ಆದರೆ ನೀರು ನಿಲ್ಲದ ಮಣ್ಣು. ಕಾಂಕ್ರೀಟು, ಟೈಲ್ಸು ಹಾಸಿದ ಬಡಾವಣೆಯಲ್ಲಿ ಅದು ಸಿಗುವುದು ನಿಮ್ಮ ಕುಂಡದಲ್ಲೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಈ ಓತಿಯ ಸಂತಾನೋತ್ಪತ್ತಿಯನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ತಕ್ಕ ನೆಲ ಸಿಗದಿದ್ದರೆ ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳಬಲ್ಲದು, ಆ ಹೊತ್ತಿನಲ್ಲಿ ಭ್ರೂಣದ ಬೆಳವಣಿಗೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ ಎಂಬುದು ಅಲ್ಲಿಂದ ಗೊತ್ತಾದ ಸಂಗತಿ. ಮಣ್ಣಿನ ಬಿಸಿ ಮರಿ ಹೆಣ್ಣಾಗುವುದೋ ಗಂಡಾಗುವುದೋ ಎಂಬುದರ ಮೇಲೂ ಪ್ರಭಾವ ಬೀರುತ್ತದೆ ಎಂದೂ ಅವರ ಪ್ರಯೋಗಗಳು ತೋರಿಸಿವೆ. ನಮ್ಮ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇದರ ಕಾಲ. ಈ ಆರು ತಿಂಗಳಲ್ಲಿ ಕುಂಡ ಬಗ್ಗಿಸುವ ಮುನ್ನ ಮೇಲಿನ 8-10 ಸೆಂಟಿಮೀಟರ್ ಮಣ್ಣನ್ನು ಕೈಯಲ್ಲೇ ಕೆದಕಿ ನೋಡುವುದು ಒಳ್ಳೆಯದು. ಕೈಗುದ್ದಲಿ ಚುಚ್ಚಿದರೆ ಮೂರ್ನಾಲ್ಕು ಮೊಟ್ಟೆ ಒಡೆದ ಮೇಲೆಯೇ ಗೊತ್ತಾಗುವುದು.

ಮೊಟ್ಟೆ ಸಿಕ್ಕಾಗ ಮಾಡಬೇಕಾದ ಮೊದಲ ಕೆಲಸ, ಏನೂ ಮಾಡದೆ ಮಣ್ಣು ಮುಚ್ಚುವುದು. ಕುಂಡವನ್ನು ಎರಡು ತಿಂಗಳು ಹಾಗೇ ಬಿಡಿ. ನೀರನ್ನು ಅಂಚಿನಲ್ಲಿ, ಎಂದಿನದರ ಅರ್ಧದಷ್ಟು ಹಾಕಿ. ಕುಂಡವನ್ನು ಸರಿಸಲೇಬೇಕಾದರೆ ವಾಲಿಸದೆ, ಅಲುಗಿಸದೆ ಎತ್ತಿ ಸಾಗಿಸಿ.

ಮಣ್ಣು ಆಗಲೇ ಸುರಿದುಬಿಟ್ಟಿದ್ದರೆ ಮೊಟ್ಟೆಯನ್ನು ಉರುಳಿಸದಿರುವುದೇ ಮುಖ್ಯ. ಕೋಳಿಮೊಟ್ಟೆಯನ್ನು ಕಾವಿಗೆ ಕೂತ ಹೇಂಟೆಯೇ ತಿರುಗಿಸುತ್ತಿರುತ್ತದೆ. ಓತಿ, ಹಾವು, ಆಮೆಗಳದ್ದು ಇದಕ್ಕೆ ಪೂರ್ತಿ ತಿರುಗುಮುರುಗು. ಇಟ್ಟ ಕೆಲವೇ ದಿನಗಳಲ್ಲಿ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗುಚಿದರೆ ಒಳಗಿನದು ಸಾಯಬಹುದು. ಆದ್ದರಿಂದ ಕಂಡ ಸ್ಥಿತಿಯಲ್ಲೇ ಪ್ರತಿ ಮೊಟ್ಟೆಯ ನೆತ್ತಿಗೂ ಮೆತ್ತನೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಸ್ಕೆಚ್ ಪೆನ್ ಬೇಡ, ಅದರ ದ್ರಾವಕ ಚಿಪ್ಪಿನೊಳಗೆ ಇಳಿಯುತ್ತದೆ. ಟೀ ಚಮಚದಲ್ಲಿ ಮಣ್ಣಿನ ಸಮೇತ ಎತ್ತಿ, ಚುಕ್ಕೆ ಮೇಲೇ ಇರುವಂತೆ ಹೊಸ ಜಾಗದಲ್ಲಿಡಿ.

ಹೊಸ ಜಾಗ ನೆಲವೇ ಆದರೆ ಸಲೀಸು. ಅರೆನೆರಳಿನ, ಸ್ವಲ್ಪ ಏರಿಯಲ್ಲಿರುವ ಮಡಿಯಲ್ಲಿ 6-8 ಸೆಂಟಿಮೀಟರ್ ಆಳದ ಗುಂಡಿ ತೋಡಿ ಇಟ್ಟು, ಸಡಿಲ ಮಣ್ಣು ಮುಚ್ಚಿ, ಮೇಲೆ ಒಂದು ಹಿಡಿ ತರಗೆಲೆ ಹರಡಿದರೆ ಆಯಿತು. ಹೆಗ್ಗಣ, ಬೆಕ್ಕು ಕೆದಕುವ ಕಡೆ ಅಂಗೈಯಗಲದ ಕಬ್ಬಿಣದ ಜಾಲರಿಯನ್ನು ಮೇಲೆ ಬಗ್ಗಿಸಿಟ್ಟು ಅಂಚಿಗೆ ಕಲ್ಲು ಹೇರಿ. ಜಾಲರಿಯ ಕಣ್ಣು ಹೆಬ್ಬೆರಳು ತೂರುವಷ್ಟಿರಲಿ, ಮರಿಗಳು ಹೊರಬರಬೇಕಲ್ಲ.

ತಾರಸಿ ತೋಟದವರಿಗೆ ಡಬ್ಬಿಯೇ ಗತಿ. ಒಂದು ಲೀಟರಿನ ಐಸ್‌ಕ್ರೀಮ್ ಡಬ್ಬಿ ಸಾಕು. ಸಣ್ಣ ಮರಳು ಒಂದು ಪಾಲು, ತೊಳೆದ ಕೊಕೊಪೀಟ್ ಒಂದು ಪಾಲು ಬೆರೆಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತಳಕ್ಕೆ 5 ಸೆಂಟಿಮೀಟರ್ ಹಾಕಿ, ಬೆರಳಿನಿಂದ ಕುಳಿ ಮಾಡಿ ಮೊಟ್ಟೆಗಳನ್ನು ಕೂರಿಸಿ, ಮೇಲೆ 3-4 ಸೆಂಟಿಮೀಟರ್ ಮುಚ್ಚಿ. ಡಬ್ಬಿಯ ಪಕ್ಕಗಳಲ್ಲಿ ಕಾದ ಮೊಳೆಯಿಂದ ನಾಲ್ಕಾರು ತೂತು ಮಾಡಿ. ಗೊಬ್ಬರ ಬೆರೆಸಿದ ಪಾಟ್ ಮಿಶ್ರಣ ಬಳಸಬೇಡಿ. ಅರೆಕೊಳೆತ ಗೊಬ್ಬರ ಬಿಸಿಯಾಗುತ್ತದೆ, ಬೂಷ್ಟು ತರುತ್ತದೆ. ಡಬ್ಬಿಯನ್ನು ಬಿಸಿಲಿಗೆ ಇಡುವುದು ಇನ್ನೊಂದು ತಪ್ಪು. ಮೊಟ್ಟೆಗೆ ಶಾಖ ಬೇಕು ಎಂಬುದು ಸರಿಯೇ, ಆದರೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಬಿಸಿಲಿನಲ್ಲಿ ಅರ್ಧ ಗಂಟೆಯಲ್ಲಿ 40 ಡಿಗ್ರಿ ದಾಟಿ ಮೊಟ್ಟೆ ಬೆಂದುಹೋಗುತ್ತದೆ. ನೆರಳಿನಲ್ಲಿ 26ರಿಂದ 30 ಡಿಗ್ರಿ ಇರುವ ಮೂಲೆ ಸಾಕು. ಇರುವೆ ಬಾರದಂತೆ ನೀರಿನ ತಟ್ಟೆಯ ನಡುವೆ ಬೋರಲು ಹಾಕಿದ ಬಟ್ಟಲಿನ ಮೇಲಿಡಿ.

ವಾರಕ್ಕೊಮ್ಮೆ ಮೂಲೆಯಲ್ಲಿ ಮಣ್ಣು ಸರಿಸಿ ಒಂದೆರಡು ಮೊಟ್ಟೆ ಮಾತ್ರ ನೋಡಿ. ಊದಿಕೊಂಡು ದಪ್ಪವಾಗಿದ್ದರೆ ಸಂತೋಷ. ಈ ಮೊಟ್ಟೆಗಳು ಮಣ್ಣಿನಿಂದ ನೀರು ಹೀರಿಯೇ ಬೆಳೆಯುವುದು. ತಗ್ಗು ಬಿದ್ದಿದ್ದರೆ ಮಣ್ಣು ಒಣಗಿದೆ ಎಂದರ್ಥ. ಎರಡು ಚಮಚ ನೀರನ್ನು ಡಬ್ಬಿಯ ಗೋಡೆಗುಂಟ ಇಳಿಸಿ, ಮೊಟ್ಟೆ ಮತ್ತೆ ತುಂಬಿಕೊಳ್ಳುತ್ತದೆ. ಹಳದಿಯಾಗಿ ಕುಸಿದು ಮೇಲೆ ನೂಲಿನಂಥ ಬೂಷ್ಟು ಬಂದದ್ದನ್ನು ಮಾತ್ರ ತೆಗೆದು ಹಾಕಿ. ಆರರಿಂದ ಏಳು ವಾರಕ್ಕೆ ಮರಿ ಬರುತ್ತದೆ, ತಂಪು ಹೆಚ್ಚಿದ್ದರೆ ಇನ್ನೂ ತಡ. ಮರಿಗಳಿಗೆ ಹಾಲು, ಅನ್ನ, ಬಾಳೆಹಣ್ಣು ಏನೂ ಬೇಡ. ತಾಯಿಯೂ ಬೇಡ. ಅದೇ ದಿನ ದಾಸವಾಳದ ಬುಡದಲ್ಲಿ ಬಿಟ್ಟರೆ ಸಣ್ಣ ಇರುವೆ, ನೊಣ ಹಿಡಿದು ತಿನ್ನಲು ಶುರುಮಾಡುತ್ತವೆ. ಹಾಗೆ ಬಿಟ್ಟ ಹತ್ತರಲ್ಲಿ ಬಹುಪಾಲು ಕಾಗೆ, ಕೆಂಬೂತ, ಬೆಕ್ಕಿನ ಪಾಲು. ಅದು ಹಾಗೇ ಇರುವುದು, ಮನೆಯೊಳಗೆ ಇಟ್ಟುಕೊಂಡು ಸಾಕಲು ಹೋಗಬೇಡಿ.

ಯಾರು ಯಾರು

ಇಷ್ಟು ಹೊತ್ತು ಓತಿಕ್ಯಾತ ಅಂದದ್ದು ಬೇಲಿಯ ಮೇಲೆ ತಲೆ ಎತ್ತಿ ದಂಡ ಹೊಡೆಯುವ ಅದೇ ಪ್ರಾಣಿಯನ್ನು. ಬೇಲಿಗೂ ಇದಕ್ಕೂ ಇರುವ ನಂಟು ಗಾದೆಯಲ್ಲೇ ಇದೆ: ಓತಿಕ್ಯಾತಂಗೆ ಬೇಲಿ ಗೂಟ ಸಾಕ್ಷಿ. ವಿಜ್ಞಾನದಲ್ಲಿ ಕ್ಯಾಲೋಟಿಸ್ ವರ್ಸಿಕಲರ್, ಅದರಲ್ಲಿ ವರ್ಸಿಕಲರ್ ಎಂಬುದು 1802ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದ್ಯಾಂ ಇಟ್ಟ ಹೆಸರು. ವರ್ಸಿಕಲರ್ ಅಂದರೆ ಬಣ್ಣ ಬದಲಿಸುವುದು. ಬಾಲವೂ ಸೇರಿ ಒಂದಡಿಗಿಂತ ತುಸು ಹೆಚ್ಚು, ಅದರಲ್ಲಿ ಮುಕ್ಕಾಲು ಬಾಲವೇ. ಮಳೆಗಾಲದ ಮುನ್ನ ಗಂಡಿನ ತಲೆ, ಕೊರಳು ಕೆಂಪಾಗಿ, ಗಲ್ಲ ಊದಿ, ಕುತ್ತಿಗೆಯ ಎರಡೂ ಪಕ್ಕ ಕಪ್ಪು ಮಚ್ಚೆ ಮೂಡುತ್ತದೆ. ಆ ಕೆಂಪು ನೋಡಿಯೇ ರಕ್ತ ಹೀರುತ್ತದೆ ಎಂಬ ಕಟ್ಟುಕತೆ ಹುಟ್ಟಿದ್ದು, ಮಕ್ಕಳು ಕಲ್ಲು ಬೀರಿದ್ದು. ಅದು ದಂಡ ಹೊಡೆಯುವುದು ನಿಮ್ಮನ್ನು ಅಣಕಿಸಲು ಅಲ್ಲ, ಪಕ್ಕದ ಗಂಡಿಗೆ ಗಡಿ ತೋರಿಸಲು.

ಇದನ್ನೇ ಗೋಸುಂಬೆ ಎನ್ನುವವರು ಬಹಳ. ನಿಜವಾದ ಗೋಸುಂಬೆ ಬೇರೆ. ಮೈ ಎರಡೂ ಪಕ್ಕ ಒತ್ತಿದಂತೆ ಚಪ್ಪಟೆ, ಬಾಲ ಸುರುಳಿ, ಕಾಲ್ಬೆರಳುಗಳು ಇಕ್ಕಳದಂತೆ ಎರಡು-ಮೂರಾಗಿ ಕೂಡಿಕೊಂಡಿವೆ, ಕಣ್ಣುಗಳು ಬೇರೆಬೇರೆ ದಿಕ್ಕಿಗೆ ಹೊರಳುತ್ತವೆ. ಹೆಚ್ಚಾಗಿ ಬಯಲುಸೀಮೆಯ ಪೊದೆಗಳಲ್ಲಿ ಕಾಣುವುದು, ಅದೂ ರಸ್ತೆ ದಾಟುವಾಗ, ಗಾಳಿಗೆ ತೂಗುವ ಎಲೆಯ ಹಾಗೆ ಹಿಂದೆ ಮುಂದೆ ಅಲುಗುತ್ತ. ಕಡ್ಡಿಯೊಂದನ್ನು ಅದರ ಮುಂದಿಟ್ಟರೆ ಹತ್ತಿಕೊಳ್ಳುತ್ತದೆ. ಅದು ಹೊರಟಿದ್ದ ಕಡೆಯ ಪೊದೆಗೇ ಬಿಡಿ, ಹಿಂದಕ್ಕೆ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ.

ತರಗೆಲೆಯಡಿ ಸರಸರ ಅಂದು ಮಾಯವಾಗುವ, ಕಂಚಿನ ಬಣ್ಣದಲ್ಲಿ ಮಿರಮಿರ ಮಿಂಚುವುದು ಹಾವುರಾಣಿ. ಕರಾವಳಿಯಲ್ಲಿ ಅರಣೆ. ಇದು ಕಚ್ಚಿದರೆ ಸಾವೇ ಗತಿ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ, ಆದರೆ ಇದಕ್ಕೆ ವಿಷವೇ ಇಲ್ಲ. ಇದೇ ಗುಂಪಿನ ಇನ್ನೊಂದು ಜಾತಿ ತೀರಾ ಸಣ್ಣ ಕಾಲಿನದು, ಅದರ ಮರಿಯ ಬಾಲ ಕೆಂಪು. ಅದನ್ನು ಹಾವಿನ ಮರಿಯೆಂದು ಹೊಡೆದು ಕೊಲ್ಲುವುದೇ ಹೆಚ್ಚು. ಕಾಲು ಹುಡುಕಿ. ಕಾಲು ಕಾಣದಿದ್ದರೆ ಕಣ್ಣು ಮಿಟುಕಿಸುತ್ತದೆಯೇ ನೋಡಿ, ಹಾವಿಗೆ ರೆಪ್ಪೆಯಿಲ್ಲ. ಎರಡೂ ತಿಳಿಯದಿದ್ದರೆ ಹತ್ತಿರ ಹೋಗದಿರುವುದೇ ಲೇಸು, ಕಡು ವಿಷದ ಕಟ್ಟುಹಾವಿನ ಮರಿಯೂ ತರಗೆಲೆಯಡಿ ಇರಬಹುದು.

ಬೆಂಗಳೂರು, ಕೋಲಾರ, ರಾಮನಗರದ ಕಡೆ ಬಂಡೆ ಉಳಿದಿರುವ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಕಲ್ಲು ಓತಿ ಕಾಣುತ್ತದೆ. ಗಂಡಿನ ಬಣ್ಣ ಕಾಲಕ್ಕೆ ತಕ್ಕಂತೆ ಮಾತ್ರ ಬದಲಾಗುವುದಲ್ಲ, ಎದುರಿಗೆ ಹೆಣ್ಣಿದ್ದರೆ ಒಂದು, ಗಂಡಿದ್ದರೆ ಇನ್ನೊಂದು, ಅದೂ ಕೆಲವೇ ನಿಮಿಷಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾರಿಯಾ ಠಾಕರ್ ಅವರ ತಂಡ ನಗರದ ಮತ್ತು ಹಳ್ಳಿಗಾಡಿನ ಕಲ್ಲು ಓತಿಗಳನ್ನು ಹೋಲಿಸಿ ನೋಡಿದೆ. ಮಲೆನಾಡಿನ ಅಡಿಕೆ ತೋಟದವರಿಗೆ ಹಾರುವ ಓತಿಯ ಪರಿಚಯ ಮಾಡಿಕೊಡಬೇಕಿಲ್ಲ. ಒಂದು ಮಾತು ಮಾತ್ರ: ಅದು ಮರದಿಂದ ನೆಲಕ್ಕೆ ಇಳಿಯುವುದು ಹೆಣ್ಣು ಮೊಟ್ಟೆ ಇಡುವಾಗ. ಆ ಹೊತ್ತಿನಲ್ಲಿ ಅಡಿಕೆ ಬುಡ ಬಿಡಿಸುವ ಕೆಲಸವಿದ್ದರೆ ಗುದ್ದಲಿ ಹಾಕುವ ಮುನ್ನ ಬುಡದ ಸುತ್ತ ಒಮ್ಮೆ ಕಣ್ಣಾಡಿಸಿ.

ಕಚ್ಚುವ ವಿಷಯಕ್ಕೆ ಬಂದರೆ, ಹಾವುಗಳನ್ನು ಬಿಟ್ಟು ಇಲ್ಲಿ ಹೇಳಿದ ಓತಿ, ಹಲ್ಲಿ, ಗೋಸುಂಬೆ, ಹಾವುರಾಣಿ ಯಾವುದಕ್ಕೂ ಮನುಷ್ಯನಿಗೆ ಅಪಾಯ ತರುವ ವಿಷವಿಲ್ಲ. ಕೈಯಲ್ಲಿ ಹಿಡಿದರೆ ದೊಡ್ಡ ಓತಿ ಕಚ್ಚುತ್ತದೆ, ಕಚ್ಚಿದ್ದನ್ನು ಬಿಡುವುದೂ ಇಲ್ಲ. ಎಳೆಯಬೇಡಿ, ಕೈಯನ್ನು ಅದರ ಸಮೇತ ನೆಲಕ್ಕೆ ತಾಗಿಸಿ ಸುಮ್ಮನಿದ್ದರೆ ಬಿಟ್ಟು ಓಡುತ್ತದೆ. ಸೋಪು ನೀರಲ್ಲಿ ತೊಳೆಯಿರಿ. ಬಾಲ ಹಿಡಿಯಲೇಬೇಡಿ: ಹಲ್ಲಿ, ಹಾವುರಾಣಿಯ ಬಾಲ ಕಳಚಿ ಮತ್ತೆ ಬರುತ್ತದೆ (ಒಳಗೆ ಮೂಳೆಯ ಬದಲು ಮೆದು ಎಲುಬು), ಆದರೆ ಅದರಲ್ಲಿ ಕೂಡಿಟ್ಟ ಕೊಬ್ಬು ಹೋಯಿತು. ಓತಿಯ ಬಾಲ ಮುರಿದರೆ ಮುರಿದೇ ಹೋಯಿತು, ಮೊಂಡೇ ಉಳಿಯುತ್ತದೆ.

ಬಲೆ, ಅಂಟು, ಬಕೆಟ್ಟು

ಕೈತೋಟದಲ್ಲಿ ಇವುಗಳನ್ನು ಬೇಕೆಂದು ಕೊಲ್ಲುವವರು ಕಡಿಮೆಯಾಗಿದ್ದಾರೆ. ಈಗ ಕೊಲ್ಲುವುದು ಸಾಮಾನುಗಳು. ಮೊದಲನೆಯದು ಹಕ್ಕಿ ಬಾರದಂತೆ ಹೊದಿಸುವ ನೈಲಾನ್ ಬಲೆ. 15ರಿಂದ 25 ಮಿಲಿಮೀಟರ್ ಕಣ್ಣಿನ ತೆಳು ಎಳೆಯ ಬಲೆಯಲ್ಲಿ ಓತಿಯ ತಲೆ ಸಲೀಸಾಗಿ ತೂರುತ್ತದೆ, ಭುಜ ತೂರುವುದಿಲ್ಲ. ಹಿಂದಕ್ಕೆ ಬರಲು ಹೋದರೆ ಹಿಮ್ಮುಖವಾಗಿರುವ ಹುರುಪೆಗಳ ಅಡಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಬಿಗಿ, ಮೇಲೆ ಬಿಸಿಲು. ಸಂಜೆ ನೋಡುವ ಹೊತ್ತಿಗೆ ಸತ್ತಿರುತ್ತದೆ. ಕೇರೆಹಾವಿನ ಕಥೆಯೂ ಅದೇ.

ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆ ಕೊಳ್ಳಿ, ಸಡಿಲ ಬಿಡದೆ ಕಟ್ಟಿಗೆಗೆ ಬಿಗಿದು ಕಟ್ಟಿ, ಅಂಚು ನೆಲದ ಮೇಲೆ ರಾಶಿ ಬೀಳದಿರಲಿ. ಸೀಬೆ, ದಾಳಿಂಬೆ, ಸೀತಾಫಲಕ್ಕೆ ಮರವಿಡೀ ಬಲೆ ಹೊದಿಸುವ ಬದಲು ಹಣ್ಣಿಗೊಂದು ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟುವುದು ಎಲ್ಲ ರೀತಿಯಲ್ಲೂ ವಾಸಿ, ಹಣ್ಣುನೊಣವೂ ತಪ್ಪುತ್ತದೆ. ಕೊಯ್ಲು ಮುಗಿದ ಮೇಲೆ ಬಲೆಯನ್ನು ಮೂಲೆಗೆ ಎಸೆಯುತ್ತೇವಲ್ಲ, ಆ ರಾಶಿ ಗಿಡದ ಮೇಲಿನ ಬಲೆಗಿಂತ ಕೆಟ್ಟದ್ದು.

ಸಿಕ್ಕಿಬಿದ್ದದ್ದು ಜೀವಂತ ಇದ್ದರೆ ಎಳೆಯಬೇಡಿ. ತಲೆಯ ಮೇಲೆ ದಪ್ಪ ಬಟ್ಟೆ ಹಾಕಿ, ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಮೊದಲು ಸುತ್ತ ಒಂದು ಗೇಣು ಬಿಟ್ಟು ಬಲೆಯನ್ನು ಕತ್ತರಿಸಿ, ಬಲೆಯ ತುಂಡಿನ ಸಮೇತ ನೆರಳಿಗೆ ತನ್ನಿ. ಮೊಂಡು ತುದಿಯ ಉಗುರು ಕತ್ತರಿ ಬೇಕು, ಗಿಡ ಕತ್ತರಿ ಇದಕ್ಕಲ್ಲ. ಹೆಚ್ಚು ಬಿಗಿದಿರುವುದು ಸಾಮಾನ್ಯವಾಗಿ ಮುಂಗಾಲ ಕಂಕುಳಲ್ಲಿ. ಹಲ್ಲುಕಡ್ಡಿಯಿಂದ ಎಳೆಯನ್ನು ಮೇಲಕ್ಕೆತ್ತಿ ಒಂದೊಂದನ್ನೇ ಕತ್ತರಿಸಿ. ಕತ್ತರಿಸಿದ ತುಂಡನ್ನು ತಲೆಯಿಂದ ಬಾಲದ ದಿಕ್ಕಿಗೇ ಜಾರಿಸಿ ತೆಗೆಯಿರಿ, ಉಲ್ಟಾ ಎಳೆದರೆ ಚರ್ಮ ಕಿತ್ತುಬರುತ್ತದೆ. ಕಾಲು ಊದಿ ಕಪ್ಪಾಗಿರದಿದ್ದರೆ ಪೊದೆಯ ಬುಡದಲ್ಲಿ ಬಿಡಿ, ಆಗಿದ್ದರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಪಶುವೈದ್ಯರ ಬಳಿ.

ಇಲಿಗೆಂದು ಇಡುವ ಅಂಟು ಬೋರ್ಡಿನದು ಇನ್ನೂ ಘೋರ. ಅದರ ಮೇಲೆ ಜಿರಳೆ ಅಂಟುತ್ತದೆ, ಜಿರಳೆಯ ಆಸೆಗೆ ಹಲ್ಲಿ ಬರುತ್ತದೆ. ಬಿಡಿಸಲು ಅಡುಗೆ ಎಣ್ಣೆ ಸಾಕು, ಕಡಲೆಕಾಯಿಯದೋ ಕೊಬ್ಬರಿಯದೋ. ಮೊದಲು ಸುತ್ತಲಿನ ಖಾಲಿ ಅಂಟಿನ ಮೇಲೆ ಗೋಧಿಹಿಟ್ಟು ಉದುರಿಸಿ, ಇಲ್ಲವಾದರೆ ಬಿಡಿಸಿದ್ದು ಪಕ್ಕದಲ್ಲೇ ಮತ್ತೆ ಅಂಟುತ್ತದೆ. ಹತ್ತಿಕಡ್ಡಿಯಲ್ಲಿ ಎಣ್ಣೆ ಅದ್ದಿ ಮೈಯ ಅಂಚಿಗೆ ಹನಿಹನಿಯಾಗಿ ತಾಗಿಸಿ 5 ನಿಮಿಷ ಕಾಯಿರಿ, ಎಣ್ಣೆ ಅಡಿಗೆ ಇಳಿಯಲಿ. ಮೂಗಿನ ಹತ್ತಿರ ಎಣ್ಣೆ ಬೇಡ. ಹೊಟ್ಟೆ ಮೊದಲು, ಬೆರಳುಗಳು ಕೊನೆಗೆ. ಹಲ್ಲಿಯ ಕಾಲ್ಬೆರಳಿನ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕೂದಲುಗಳಿರುತ್ತವೆ, ಗೋಡೆ ಹತ್ತುವುದು ಅವುಗಳಿಂದಲೇ, ಎಳೆದರೆ ಹರಿಯುತ್ತವೆ. ಬಿಡಿಸಿದ ಮೇಲೆ ಟಿಶ್ಯೂ ಕಾಗದದಲ್ಲಿ ಒರೆಸಿ, ಒಂದು ರಾತ್ರಿ ತೂತಿರುವ ಡಬ್ಬಿಯಲ್ಲಿ ಇಟ್ಟು ಬಿಡಿ. ಕಾಲಿನ ಎಣ್ಣೆ ಆರುವವರೆಗೆ ಅದಕ್ಕೆ ಗೋಡೆ ಹತ್ತಲಾಗದು, ಇರುವೆಗಳಿಗೆ ಸುಲಭದ ತುತ್ತು. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹಾಕಿದರೆ ಅಂಟು ಬೇಗ ಬಿಡುತ್ತದೆ, ಪ್ರಾಣಿಯೂ ಬೇಗ ಸಾಯುತ್ತದೆ.

ಬಕೆಟ್ಟು, ಪ್ಲಾಸ್ಟಿಕ್ ಡ್ರಮ್ಮು, ತಾವರೆ ಟಬ್ಬು: ನುಣುಪು ಗೋಡೆಯ ಇವುಗಳಿಗೆ ಬಿದ್ದ ಓತಿ, ಹಾವುರಾಣಿ ಈಜಿ ಸುಸ್ತಾಗಿ ಮುಳುಗುತ್ತವೆ. ತೆಂಗಿನ ನಾರಿನ ಹಗ್ಗದ ಒಂದು ತುದಿಯನ್ನು ಅಂಚಿಗೆ ಕಟ್ಟಿ ಇನ್ನೊಂದು ತಳ ಮುಟ್ಟುವಂತೆ ಇಳಿಬಿಡಿ, ಅಷ್ಟೇ. ಹಕ್ಕಿಗೆ ನೀರಿಡುವ ತಟ್ಟೆ 3-4 ಸೆಂಟಿಮೀಟರಿಗಿಂತ ಆಳ ಬೇಡ. ಓತಿಗಳು ತಟ್ಟೆಯಿಂದ ಕುಡಿಯುವುದಕ್ಕಿಂತ ಎಲೆ ಮೇಲಿನ ಹನಿ ನೆಕ್ಕುವುದೇ ಹೆಚ್ಚು. ಬೇಸಿಗೆಯಲ್ಲಿ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಬೇಲಿ ಎಲೆಗಳಿಗೂ ಒಮ್ಮೆ ಚಿಮುಕಿಸಿದರೆ ಸಾಕು.

ಕತ್ತರಿಯ ವೇಳೆಯೂ ಮುಖ್ಯ. ಓತಿ ರಾತ್ರಿ ಮಲಗುವುದು ತೆಳುವಾದ ರೆಂಬೆಯ ತುದಿಯಲ್ಲಿ, ಬಣ್ಣ ಒಣಹುಲ್ಲಿನಂತೆ ಮಂಕಾಗಿರುತ್ತದೆ. ಬೆಳಿಗ್ಗೆ ಆರೂವರೆಗೆ ದಾಸವಾಳ, ದುರಂಟ, ಮದರಂಗಿ ಬೇಲಿ ಕತ್ತರಿಸಲು ಹೊರಟರೆ ತಣ್ಣಗಿರುವ ಪ್ರಾಣಿಗೆ ಓಡಲಾಗುವುದಿಲ್ಲ. ಹತ್ತೂವರೆ, ಹನ್ನೊಂದರ ಮೇಲೆ ಮಾಡಿ, ಕತ್ತರಿ ಹಾಕುವ ಮುನ್ನ ಪೊದೆಯನ್ನೊಮ್ಮೆ ಕೋಲಿನಿಂದ ತಟ್ಟಿ. ಬ್ರಷ್ ಕಟರ್ ಆಡಿಸುವವರು ನಡುವಿನಿಂದ ಹೊರಕ್ಕೆ ಬನ್ನಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಹೋದರೆ ಎಲ್ಲ ಹಾವುರಾಣಿಗಳೂ ಕೊನೆಯ ಹುಲ್ಲಿನ ತುಂಡಿನಲ್ಲಿ ಸಿಕ್ಕಿಕೊಳ್ಳುತ್ತವೆ. ತರಗೆಲೆ ಸುಡುವುದನ್ನಂತೂ ಬಿಟ್ಟುಬಿಡಿ.

ಔಷಧಿ ಹೊಡೆಯುವ ಬಗ್ಗೆ ಒಂದೇ ಮಾತು. ಕೀಟನಾಶಕ ತಗುಲಿ ಅರೆಸತ್ತು ತೂರಾಡುವ ಹುಳುವೇ ಓತಿಗೆ ಸುಲಭದ ಬೇಟೆ, ವಿಷ ಅದರ ಮೂಲಕ ಹೊಟ್ಟೆ ಸೇರುತ್ತದೆ. ಫೋರೇಟ್ ಮತ್ತು ಡೈಕ್ಲೋರ್ವಾಸ್ ಎಂಬ ಕೀಟನಾಶಕಗಳ ಬಳಕೆ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ಕುಂಡಕ್ಕೆ ಹಾಕಿ ಮುಗಿಸುವ ಯೋಚನೆ ಬೇಡ. ಹಿಟ್ಟು ತಿಗಣೆಗೆ ನೀರಿನ ಜೋರು ಧಾರೆ, ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2-3 ಮಿಲಿ ಸೋಪು ದ್ರಾವಣ ಬೆರೆಸಿ ಸಂಜೆ ಹೊಡೆಯಿರಿ. ಓತಿ ಇದ್ದರೆ ಕೀಟವೇ ಇರುವುದಿಲ್ಲ ಎಂದು ನಂಬಬೇಡಿ. ಅದು ಮಿಡತೆ, ಇರುವೆ, ಕಂಬಳಿಹುಳು, ಜೀರುಂಡೆ ಎಲ್ಲವನ್ನೂ ತಿನ್ನುತ್ತದೆ, ಅದರಲ್ಲಿ ನಿಮ್ಮ ಗಿಡಕ್ಕೆ ಬೇಕಾದ ಹುಳುವೂ ಸೇರಿರುತ್ತದೆ.

ಜೇನು ಸಾಕುವವರಿಗೆ ಇದು ನಿಜವಾದ ತಲೆನೋವು. ತುಡುವೆ ಪೆಟ್ಟಿಗೆಯ ಬಾಗಿಲ ಪಕ್ಕ ಕೂತು ಬಂದು ಹೋಗುವ ಹುಳುಗಳನ್ನು ಒಂದೊಂದಾಗಿ ನುಂಗುತ್ತದೆ. ಹೊಡೆದು ಓಡಿಸಿದರೆ ಮಧ್ಯಾಹ್ನ ಮತ್ತೆ ಹಾಜರು. ಪೆಟ್ಟಿಗೆಯನ್ನು ಮರದ ಗೂಟದ ಬದಲು ನುಣುಪಾದ ಜಿಐ ಪೈಪಿನ ಸ್ಟ್ಯಾಂಡಿನ ಮೇಲಿಡಿ, ಸುತ್ತ ಮೂರಡಿ ಕೊಂಬೆ, ಹುಲ್ಲು, ಗೋಡೆ ತಾಗದಂತೆ ನೋಡಿಕೊಳ್ಳಿ. ಏರಲು ದಾರಿಯಿಲ್ಲದಿದ್ದರೆ ಬೇರೆ ಕಡೆ ಹೋಗುತ್ತದೆ.

ಓತಿ, ಹಾವುರಾಣಿಗೆ ಜಾಗ ಮಾಡಿಕೊಡಬೇಕೆಂದಿದ್ದರೆ ಬೆಳಗಿನ ಬಿಸಿಲು ಬೀಳುವ ಕಡೆ ಮುಷ್ಟಿಯಿಂದ ತಲೆಯ ಗಾತ್ರದವರೆಗಿನ 20-30 ಕಲ್ಲುಗಳನ್ನು ಗಾರೆಯಿಲ್ಲದೆ ಪೇರಿಸಿ, ಪಕ್ಕದಲ್ಲಿ 5-7 ಸೆಂಟಿಮೀಟರ್ ತರಗೆಲೆ ಹಾಸಿ. ಒಪ್ಪಿಕೊಳ್ಳಬೇಕಾದ ಮಾತು: ಆ ಸಂದಿಗೆ ಹಾವೂ ಬರಬಹುದು, ಹಾವುರಾಣಿ ತಿನ್ನಲೆಂದೇ ಬರುವ ಹಾವುಗಳಿವೆ. ಆದ್ದರಿಂದ ಬಾಗಿಲು, ಬಟ್ಟೆ ಒಗೆಯುವ ಕಲ್ಲು, ಮಕ್ಕಳು ಆಡುವ ಜಾಗದಿಂದ 5 ಮೀಟರಾದರೂ ದೂರವಿರಲಿ. ಅಷ್ಟು ಜಾಗವಿಲ್ಲದ ಸೈಟಿನಲ್ಲಿ ಕಲ್ಲು ಗುಡ್ಡೆ ಬೇಡವೇ ಬೇಡ, ಒತ್ತಾದ ಬೇಲಿ ಒಂದೇ ಸಾಕು.

ಮನೆಯೊಳಗಿನ ಹಲ್ಲಿ ಓಡಿಸಲು ಮೊಟ್ಟೆಚಿಪ್ಪು, ನವಿಲುಗರಿ ನೇತುಹಾಕಿ ಪ್ರಯೋಜನವಿಲ್ಲ. ನುಸಿಗುಳಿಗೆ ಹಲ್ಲಿಗಿಂತ ಮೊದಲು ಕೂಸುಗಳಿಗೆ ಕೆಡುಕು ಮಾಡುತ್ತದೆ. ಬಾಗಿಲ ದೀಪವನ್ನು ಬಿಳಿಯಿಂದ ಹಳದಿಗೆ ಬದಲಿಸಿ, ಹುಳು ಕಡಿಮೆಯಾದರೆ ಲೊಚಗುಟ್ಟುವುದೂ ಕಡಿಮೆಯಾಗುತ್ತದೆ. ಸಾರಿಗೆ ಹಲ್ಲಿ ಬಿದ್ದರೆ ಸಾರು ಚೆಲ್ಲಬೇಕಾದದ್ದು ಹೌದು, ಆದರೆ ಕಾರಣ ವಿಷವಲ್ಲ, ಅದರ ಕರುಳಿನಲ್ಲಿರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ತುದಿಯಲ್ಲಿ ಬಿಳಿ ಚುಕ್ಕೆಯಿರುವ ಕಪ್ಪು ಹಿಕ್ಕೆ ಅಡುಗೆಕಟ್ಟೆಯಲ್ಲಿ ಕಂಡರೆ ಒಣದಾಗಿ ಗುಡಿಸದೆ ಒದ್ದೆ ಕಾಗದದಲ್ಲಿ ತೆಗೆದು ಸೋಪಿನಲ್ಲಿ ಒರೆಸಿ. ತೋಟದ ಕೊತ್ತಂಬರಿ, ಪುದೀನ ಹಸಿಯಾಗಿ ತಿನ್ನುವವರು ಹರಿಯುವ ನೀರಲ್ಲಿ ತೊಳೆಯುವುದೂ ಇದೇ ಕಾರಣಕ್ಕೆ.

ಉಡ ಬಂದರೆ ವಿಷಯ ಬೇರೆ. ಐದಡಿಯವರೆಗೂ ಬೆಳೆಯುವ ಪ್ರಾಣಿ, ಸೀಳುನಾಲಿಗೆ ಚಾಚಿ ಬರುವುದು ಇಲಿ, ಕೋಳಿಮೊಟ್ಟೆ, ಕಸದ ವಾಸನೆಗೆ. ಮೂಲೆಗೆ ಒತ್ತಿದರೆ ಬಾಲದಿಂದ ಬಾರಿಸುತ್ತದೆ, ಕಚ್ಚಿದರೆ ಗಾಯ ಆಳವಾಗುತ್ತದೆ, ಕೀವಾಗುತ್ತದೆ. ಹಾಗಾದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ ಟಿಟಿ ಚುಚ್ಚುಮದ್ದಿನ ಬಗ್ಗೆ ಕೇಳಿ. ನಾಯಿ ಕಟ್ಟಿ, ಮಕ್ಕಳನ್ನು ಒಳಗೆ ಕಳಿಸಿ, ಒಂದು ಬಾಗಿಲು ತೆರೆದಿಟ್ಟು ದೂರ ನಿಂತರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಸಹಾಯವಾಣಿ 1926. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹಿಡಿದರೂ ತಿಂದರೂ ಮಾರಿದರೂ 3ರಿಂದ 7 ವರ್ಷ ಜೈಲು. ಪೂಜಾಸಾಮಗ್ರಿ ಅಂಗಡಿಗಳಲ್ಲಿ ಅಪರೂಪದ ಗಿಡದ ಬೇರೆಂದು ಮಾರುವ 'ಹತ್ತಾ ಜೋಡಿ' ಗಂಡು ಉಡದ ಒಣಗಿಸಿದ ಜನನಾಂಗ. ಕೋಳಿಗೂಡಿಗೆ ಒಂದಿಂಚಿನ ಜಾಲರಿ ಹಾಕಿ, ಒಂದಡಿ ನೆಲದೊಳಗೂ ಇಳಿಸಿ, ಉಡ ಅಗೆಯುವುದರಲ್ಲಿ ನಿಸ್ಸೀಮ.

ಕೊನೆಗೆ, ಡಿಸೆಂಬರ್-ಜನವರಿಯ ಬೆಳಿಗ್ಗೆ ಗೋಡೆಯ ಬುಡದಲ್ಲೋ ಮೆಟ್ಟಿಲ ಮೇಲೋ ಮರಗಟ್ಟಿದಂತೆ ಬಿದ್ದಿರುವ ಓತಿ ಕಂಡರೆ ಸತ್ತಿದೆಯೆಂದು ಗುಡಿಸಿ ಹಾಕಬೇಡಿ, ಬಿಸಿನೀರು ಚಿಮುಕಿಸುವ ಉಪಚಾರವೂ ಬೇಡ. ಮೊರದಲ್ಲಿ ಎತ್ತಿ, ಬಿಸಿಲು ಬೀಳುವ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಇಟ್ಟು ಬನ್ನಿ. ತಿಂಡಿ ಮುಗಿಸಿ ಹೋಗಿ ನೋಡುವಷ್ಟರಲ್ಲಿ ಅಲ್ಲಿ ಇರುವುದಿಲ್ಲ.